ಬಸ್ಸು ಮಂಡಿಯೂರಿದ್ರೆ ಸಾಕಾ?

ಸಿಟಿ ಲೋ-ಫ್ಲೋರ್ ಬಸ್ಸಿನ ನಡುಬಾಗಿಲ ಹತ್ತಿರ ಒಂದು ಮಡಚೋ ಹಲಗೆ ಇರುತ್ತೆ, ನೋಡಿದ್ದೀರಾ? ಅದೇ ರ‍್ಯಾಂಪ್. ವೀಲ್‌ಚೇರ್ ಹತ್ತೋದು ಅದರ ಮೇಲೆ.

ಈ ಬಸ್ಸಿನ ನೆಲ ರಸ್ತೆಯಿಂದ ಸುಮಾರು 400 ಮಿಲಿಮೀಟರ್ ಎತ್ತರ. ಡ್ರೈವರ್ ಸ್ವಿಚ್ ಒತ್ತಿದ್ರೆ ಸಸ್ಪೆನ್ಷನ್ ಗಾಳಿ ಇಳಿದು, ಬಸ್ಸು ಬಾಗಿಲ ಕಡೆ ಇನ್ನಷ್ಟು ತಗ್ಗುತ್ತೆ. ಥೇಟ್ ಕೋಲೆ ಬಸವ ಮಂಡಿಯೂರಿದ ಹಾಗೆ!

ಆದ್ರೆ ಫುಟ್‌ಪಾತಿಗೆ ಒತ್ತಿ ನಿಂತ್ರೆ ಮಾತ್ರ ಇದೆಲ್ಲ ಉಪಯೋಗ. ನಡುರಸ್ತೆಯಲ್ಲಿ ನಿಂತ್ರೆ? ಹಲಗೆ ರಸ್ತೆಗೇ ಇಳೀಬೇಕು. ಕಟ್ಟಡಗಳ ರ‍್ಯಾಂಪಿಗೆ 1 ಅಡಿ ಏರೋಕೆ 12 ಅಡಿ ಉದ್ದ ಬೇಕು. ಆ ಲೆಕ್ಕ ಹಿಡಿದ್ರೆ 400 ಮಿಲಿಮೀಟರಿಗೆ ಹೆಚ್ಚುಕಮ್ಮಿ 5 ಮೀಟರ್ ಹಲಗೆ! ಬಸ್ಸಲ್ಲಿರೋದು ಅದಕ್ಕಿಂತ ಎಷ್ಟೋ ಗಿಡ್ಡ. ಕಡಿದಾದ ಆ ಏರಲ್ಲಿ ಗಾಲಿ ಹಿಂದಕ್ಕೆ ಜಾರುತ್ತೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಸ್ ಸ್ಟಾಪಿನಲ್ಲೂ ಸೌಲಭ್ಯ ಇರಬೇಕು ಅನ್ನುತ್ತೆ. ಸ್ಟಾಪ್ ಮುಂದೇನೇ ಸ್ಕೂಟರ್ ನಿಲ್ಲಿಸಿ ಬಸ್ಸನ್ನ ನಡುರಸ್ತೆಗೆ ತಳ್ಳೋ ಮಹಾನುಭಾವರಿಗೆ ಇದನ್ನ ಯಾರಾದ್ರೂ ಹೇಳಿ!