ಆಟದ ಪೆಟ್ಟಿಗೆಯ ಮೇಲಣ ಚಿತ್ರ

ಕಳೆದ ವಾರ ಬೋಗಾದಿಯಲ್ಲಿ ಮಿತ್ರರೊಬ್ಬರ ಮನೆಗೆ ಹೋಗುವ ಸಂದರ್ಭವು ನಮಗೊದಗಿತು. ಹಿಂದೆ ಮೈಸೂರಿನ ಪಡುವಣ ನೆರೆಹಳ್ಳಿಯಾಗಿದ್ದು ಈಗ ನಗರದೊಡನೆ ಬೆಸೆದುಹೋಗಿರುವ ಆ ಭಾಗದಲ್ಲಿ ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟಿಸುವವರೇ ಬಹುಮಂದಿ. ಮಿತ್ರರೂ ಅದೇ ಕಾರ್ಯದಲ್ಲಿ ತೊಡಗಿದ್ದರು. ಅಟ್ಟದಿಂದಿಳಿಸಿದ ಸಾಮಾನುಗಳು ಜಗಲಿಯ ಮೇಲೆ ರಾಶಿಬಿದ್ದಿದ್ದವು. ಗುಜರಿಯವನು ತಕ್ಕಡಿಯೊಡನೆ ಬಾಗಿಲಲ್ಲಿ ನಿಂತಿದ್ದನು. ಆ ರಾಶಿಯಲ್ಲಿ ನಮ್ಮ ಕಣ್ಣಿಗೆ ಬಿದ್ದುದು 1990ರ ದಶಕದ ಒಂದು ವಿಡಿಯೋ ಆಟದ ರಟ್ಟಿನ ಪೆಟ್ಟಿಗೆ. ಮೇಲೆ ಕವಚ ತೊಟ್ಟ ಯೋಧನೊಬ್ಬನು ಕತ್ತಿಯನ್ನೆತ್ತಿ ನಿಂತಿರುವನು; ಎದುರಿಗೆ ಬಾಯ್ದೆರೆದ ಘಟಸರ್ಪ; ದೂರದಲ್ಲಿ ಉರಿಯುತ್ತಿರುವ ಕೋಟೆ. ಒಳಗಣ ಹಳದಿಯ ಕ್ಯಾಸೆಟ್ಟಿನ ಚೀಟಿಯು ಒಂದರಲ್ಲಿಯೇ 9999999 ಆಟಗಳಿವೆಯೆಂದು ಸಾರುತ್ತಿದ್ದಿತು.

ಆ ಕಾಲದಲ್ಲಿ ಬಾಲಕರಾಗಿದ್ದವರಿಗೆ ಈ ಲೆಕ್ಕದ ಮರ್ಮವು ತಿಳಿದೇ ಇದೆ. ನಿಜವಾದ ಆಟಗಳು ಬೆರಳೆಣಿಕೆಯವು. ಮಿಕ್ಕವೆಲ್ಲ ಅವುಗಳದೇ ಪುನರುಕ್ತಿ. ಯೋಧನೂ ಇಲ್ಲ, ಸರ್ಪವೂ ಇಲ್ಲ. ತೆರೆಯ ಮೇಲೆ ಮೀಸೆಯ ಗಿಡ್ಡನೊಬ್ಬನು ಇಟ್ಟಿಗೆಗಳನ್ನು ಗುದ್ದುತ್ತಿದ್ದನು. ವ್ಯಾಪಾರದ ದೃಷ್ಟಿಯಿಂದ ಇದು ಶುದ್ಧ ವಂಚನೆ. ಆದರೂ ಈ ವಂಚನೆಯನ್ನು ಕ್ಷಮಿಸದ ಬಾಲಕನೊಬ್ಬನನ್ನೂ ನಾವು ಕಾಣೆವು!

ಇದಕ್ಕೆ ಕಾರಣವನ್ನು ಹುಡುಕಿದರೆ ವಿಷಯವು ಅಷ್ಟು ಹಗುರವಾದುದಲ್ಲವೆಂದು ತೋರುವುದು. 1977ರಲ್ಲಿ ಅಮೆರಿಕೆಯ ಅಟಾರಿ ಸಂಸ್ಥೆಯವರು ಮನೆಯ ದೂರದರ್ಶನಕ್ಕೆ ಜೋಡಿಸುವ ಆಟದ ಯಂತ್ರವನ್ನು ಮಾರಾಟಕ್ಕೆ ತಂದರು. ಅದರ ತಾತ್ಕಾಲಿಕ ಸ್ಮರಣಶಕ್ತಿಯು ಕೇವಲ 128 ಬೈಟುಗಳು. ಈ ಲೇಖನದ ಒಂದು ದೊಡ್ಡ ವಾಕ್ಯವನ್ನು ಹಿಡಿದಿಡುವುದಕ್ಕೂ ಅದು ಸಾಲದು. ಯುದ್ಧದ ಟ್ಯಾಂಕೆಂದರೆ ನಾಲ್ಕಾರು ಚೌಕಗಳ ಒಂದು ಗಂಟು. ಸಮುದ್ರವೆಂದರೆ ಒಂದು ನೀಲಿಯ ಪಟ್ಟಿ. ಇಂತಹ ಬಡ ತೆರೆಗೆ ಪ್ರಾಣವನ್ನು ತುಂಬಿದವರು ಪೆಟ್ಟಿಗೆಯ ಚಿತ್ರಗಾರರು. ಕ್ಲಿಫ್ ಸ್ಪೋನ್ ಎಂಬವರು ಅಟಾರಿಯ ಮೊದಮೊದಲಿನ ಪೆಟ್ಟಿಗೆಗಳಿಗೆ ಬರೆದ ಚಿತ್ರಗಳಲ್ಲಿ ವಿಮಾನಗಳು, ಟ್ಯಾಂಕುಗಳು, ವೀರರ ಮುಖಗಳು ಒಂದರೊಳಗೊಂದು ಕರಗಿ ಮೆರೆಯುತ್ತವೆ. ಮಗುವು ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಚೌಕಗಳನ್ನಾಡಿಸುತ್ತಿದ್ದಿತು. ಚಿತ್ರವು ಆಟದ ಜಾಹೀರಾತು ಮಾತ್ರವಾಗಿರಲಿಲ್ಲ. ಆಟದ ಅರ್ಧಭಾಗವೇ ಆಗಿದ್ದಿತು. 1979ರಲ್ಲಿ ಅಟಾರಿಯನ್ನು ಬಿಟ್ಟುಬಂದ ಕೆಲವರಿಂದ ಸ್ಥಾಪಿತವಾದ ಆಕ್ಟಿವಿಷನ್ ಸಂಸ್ಥೆಯು ತೆರೆಯ ಮೇಲಿನ ದೃಶ್ಯವನ್ನೇ ಹೋಲುವ ಚಿತ್ರಗಳನ್ನು ಪೆಟ್ಟಿಗೆಗಳಿಗೆ ಬರೆಯಿಸಿತು. ಅದು ಹೆಚ್ಚು ಪ್ರಾಮಾಣಿಕವೆಂಬುದನ್ನು ಒಪ್ಪುತ್ತೇವೆ. ಆದರೆ ನಮ್ಮ ಒಲವು ಮೊದಲಿನದರ ಕಡೆಗೇ.

ಮೈಸೂರಿನವರಿಗೆ ಆಟಕ್ಕೂ ಚಿತ್ರಕ್ಕೂ ಇರುವ ನಂಟನ್ನು ಅಮೆರಿಕೆಯವರು ಬಂದು ತಿಳಿಸಬೇಕಾದುದಿಲ್ಲ. 1831ರಲ್ಲಿ ಆಂಗ್ಲರು ರಾಜ್ಯಾಡಳಿತವನ್ನು ಕಸಿದುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರವರು ವಿದ್ಯೆ, ಕಲೆ, ವಿನೋದಗಳಲ್ಲಿ ತಮ್ಮ ಚಿತ್ತವನ್ನು ನೆಲೆಗೊಳಿಸಿದುದು ಪ್ರಸಿದ್ಧವಾಗಿಯೇ ಇದೆ. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನವುಂಟು. ದಶಾವತಾರದ ಗಂಜೀಫವು ಹತ್ತು ಬಣ್ಣ, ಬಣ್ಣಕ್ಕೆ 12ರಂತೆ 120 ಎಲೆಗಳದು. ಪ್ರಭುಗಳು ಅಷ್ಟಕ್ಕೆ ತೃಪ್ತರಾಗದೆ 300ಕ್ಕೂ ಮಿಕ್ಕ ಎಲೆಗಳ ಆಟಗಳನ್ನು ಕಲ್ಪಿಸಿದರು. ಅಂಗೈಯಗಲದ ದುಂಡನೆಯ ಎಲೆಯಲ್ಲಿ ಮತ್ಸ್ಯಕೂರ್ಮಾದಿಗಳು, ಮೇಲೆ ಅರಗಿನ ಹೊಳಪು. ಅವನ್ನಿಡುವ ಮರದ ಪೆಟ್ಟಿಗೆಗೂ ಚಿತ್ರದ ಅಲಂಕಾರವಿದ್ದಿತು. ಅಲ್ಲಿ ಹೊರಗಣ ಚಿತ್ರಕ್ಕೂ ಒಳಗಣ ಆಟಕ್ಕೂ ಭೇದವೇ ಇರಲಿಲ್ಲ.

ಇಲ್ಲಿ ಒಂದು ಸ್ವಾರಸ್ಯವನ್ನು ವಾಚಕರ ಲಕ್ಷ್ಯಕ್ಕೆ ತರಬೇಕು. ವಿಡಿಯೋ ಆಟದಿಂದ ಜಗತ್ಪ್ರಸಿದ್ಧವಾದ ಜಪಾನಿನ ನಿಂಟೆಂಡೋ ಸಂಸ್ಥೆಯು 1889ರಲ್ಲಿ ಕ್ಯೋಟೋ ನಗರದಲ್ಲಿ ಹುಟ್ಟಿದುದು ಹೂವಿನ ಚಿತ್ರಗಳುಳ್ಳ ಆಟದ ಎಲೆಗಳನ್ನು ತಯಾರಿಸುವುದಕ್ಕಾಗಿ. ಅದರ 1983ರ ಯಂತ್ರದ ನಕಲುಗಳೇ ಮುಂದೆ ನಮ್ಮ ಪೇಟೆಗಳಲ್ಲಿ ನಾನಾ ಹೆಸರುಗಳಿಂದ ಮಾರಾಟವಾದುವು. ಕ್ಯೋಟೋವಿನ ಎಲೆಗಾರರು ಲೋಕಕ್ಕೆಲ್ಲ ಆಟಗಳನ್ನು ಒದಗಿಸಿದರು. ನಮ್ಮ ಗಂಜೀಫವೋ, ಗಂಜೀಫ ರಘುಪತಿ ಭಟ್ಟರಂತಹ ಕೆಲವರ ಕೈಯಲ್ಲಿ ಜೀವವನ್ನು ಹಿಡಿದುಕೊಂಡಿತು. ಹಳೆಯ ಆಟಗಳನ್ನು ಪ್ರದರ್ಶನಗಳ ಮೂಲಕ ಜನರ ಮುಂದಿಟ್ಟ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರೂ ಸ್ತುತ್ಯರ್ಹರು.

ವಿಡಿಯೋ ಆಟದ ಪೆಟ್ಟಿಗೆಗಂತೂ ಈ ಮಟ್ಟಿನ ದಿಕ್ಕೂ ಇಲ್ಲ. ಯಂತ್ರವೇ ಸೊಗಸಾಗಿ ಚಿತ್ರಿಸಲು ಕಲಿತಮೇಲೆ ಪೆಟ್ಟಿಗೆಯ ಚಿತ್ರಗಾರನ ಕಾರ್ಯವು ಕುಗ್ಗಿತು. ಈಗ ಬಹುತೇಕ ಆಟಗಳು ಅಂತರ್ಜಾಲದ ಮೂಲಕ ಬರುವುದರಿಂದ ಪೆಟ್ಟಿಗೆಯೇ ಇಲ್ಲವಾಗಿದೆ. ಉಳಿದವನ್ನು ನಾವು ತೂಕಕ್ಕೆ ಹಾಕುತ್ತಿದ್ದೇವೆ. 1983ರಲ್ಲಿ ಅಟಾರಿಯವರು ಮಾರಾಟವಾಗದ ಆಟಗಳನ್ನು ಅಮೆರಿಕೆಯ ಆಲಮೊಗಾರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಹೂಳಿಸಿದರು. 2014ರಲ್ಲಿ ಅದನ್ನೇ ಅಗೆದು ತೆಗೆದರು. ಅದರಲ್ಲಿ ದೊರೆತ ಕ್ಯಾಸೆಟ್ಟೊಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ಹೂತುದನ್ನು ಅಗೆಯಬಹುದು, ಗುಜರಿಯ ರಟ್ಟು ಅರೆದು ಹಿಟ್ಟಾಗುವುದು.

ಬೋಗಾದಿ ರಸ್ತೆಯ ಮಗ್ಗುಲಲ್ಲಿಯೇ ಮಾನಸಗಂಗೋತ್ರಿಯಿದೆ. ಅಲ್ಲಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯವು ತೊಗಲುಗೊಂಬೆಗಳಿಗೂ ಮನೆಬಳಕೆಯ ಸಾಮಾನುಗಳಿಗೂ ಆಶ್ರಯವಾಗಿ ಬೆಳೆದುದು. ಯಾರು ಬರೆದರೆಂದು ತಿಳಿಯದ, ಪೇಟೆಯಿಂದ ಪೇಟೆಗೆ ಅಲೆದ, ಒಂದು ತಲೆಮಾರಿನ ಮಕ್ಕಳೆಲ್ಲರಿಗೂ ಬಾಯಿಪಾಠವಾಗಿದ್ದ ಈ ಚಿತ್ರಗಳು ಜಾನಪದವಲ್ಲದೆ ಮತ್ತೇನು? ವಿಶ್ವವಿದ್ಯಾನಿಲಯದವರು ಇಂತಹ ಪೆಟ್ಟಿಗೆಗಳಿಗೂ ಅಂದಿನ ಪತ್ರಿಕೆಗಳ ಆಟದ ಜಾಹೀರಾತುಗಳಿಗೂ ಒಂದು ಬೀರುವನ್ನು ಮೀಸಲಿಡಬೇಕೆಂದು ಸೂಚಿಸುತ್ತೇವೆ. ವೆಚ್ಚವು ಅಲ್ಪ. ಪೆಟ್ಟಿಗೆಗಳನ್ನು ಮೈಸೂರಿನ ಅಟ್ಟಗಳೇ ಒದಗಿಸುವುವು.

ಮಿತ್ರರು ಮೊದಲು ನಕ್ಕರು. “ಯಂತ್ರ ಕೆಟ್ಟು ಇಪ್ಪತ್ತು ವರ್ಷವಾಯಿತು, ಸ್ವಾಮಿ, ಬರಿಯ ರಟ್ಟು ಏತಕ್ಕೆ?” ಎಂದರು. ಬಳಿಕ ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಗುಜರಿಯವನು ತಂತಿ, ತಗಡು, ಹಳೆಯ ಪತ್ರಿಕೆಗಳನ್ನು ತೂಗಿಸಿಕೊಂಡು ಹೊರಟನು. ಪೆಟ್ಟಿಗೆಯು ಜಗಲಿಯ ಮೇಲೆಯೇ ಉಳಿಯಿತು.