445 ಕೋಟಿಯಲ್ಲಿ ಒಂದಕ್ಷರ

ಒಟ್ಟು 929 ಬಟಾಣಿ ಗಿಡ. 705ರಲ್ಲಿ ನೇರಳೆ ಹೂ, 224ರಲ್ಲಿ ಬಿಳಿ. ಭಾಗಿಸಿದರೆ 3.15ಕ್ಕೆ 1. ಗ್ರೆಗೋರ್ ಮೆಂಡೆಲ್ 1866ರಲ್ಲಿ ಅಚ್ಚು ಹಾಕಿಸಿದ ಲೆಕ್ಕವಿದು. ಈ ಗಿಡಗಳ ತಂದೆತಾಯಿಗಳಲ್ಲಿ ಬಿಳಿ ಹೂ ಬಿಟ್ಟದ್ದು ಒಂದೂ ಇರಲಿಲ್ಲ. ಬಿಳಿ ಇದ್ದದ್ದು ಅಜ್ಜ ಅಜ್ಜಿಯರ ಕಾಲದಲ್ಲಿ.

ಇಂದು ಚೆಕ್ ದೇಶದಲ್ಲಿರುವ ಬ್ರನೋ ಊರಿನ ಮಠದಲ್ಲಿ ಆತನ ತೋಟ 35 ಮೀಟರ್ ಉದ್ದ, 7 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆಯೂ ಆಗದು. ಬಟಾಣಿ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಗಿಡ. ಹಾಗಾಗಿ ಅಡ್ಡತಳಿ ಮಾಡುವಾಗ ಮೊಗ್ಗು ಅರಳುವ ಮೊದಲೇ ಬಿಡಿಸಿ, ಒಳಗಿನ ಹತ್ತು ಕೇಸರಗಳನ್ನೂ ಚಿಮಟಿಗೆಯಿಂದ ಕಿತ್ತು, ಬೇರೆ ಹೂವಿನ ಪರಾಗ ಸವರಬೇಕು. 1856ರಿಂದ 1863ರವರೆಗೆ ಇದೇ ಕೆಲಸ. ಅಷ್ಟಕ್ಕೂ ತೃಪ್ತಿಯಿಲ್ಲ: ನೇರಳೆ ಹೂವಿನ 100 ಗಿಡ ಆರಿಸಿ, ತಲಾ 10 ಬೀಜ ಬಿತ್ತಿ ನೋಡಿದ. 36ರ ಸಂತತಿ ಪೂರಾ ನೇರಳೆ. ಉಳಿದ 64ರ ಸಂತತಿಯಲ್ಲಿ ಬಿಳಿಯೂ ಕಾಣಿಸಿತು. ಕಣ್ಣಿಗೆ ಒಂದೇ ಬಣ್ಣದ ಗಿಡಗಳಲ್ಲಿ ಮೂರನೇ ಎರಡು ಪಾಲು ಬಿಳಿಯನ್ನು ಒಳಗಿಟ್ಟುಕೊಂಡಿದ್ದವು!

ಏನದು ಒಳಗಿದ್ದದ್ದು? ಉತ್ತರ ಸಿಕ್ಕಿದ್ದು 2010ರಲ್ಲಿ. ಬಟಾಣಿಯ ಆನುವಂಶಿಕ ಬರಹ ಸುಮಾರು 445 ಕೋಟಿ ಅಕ್ಷರದಷ್ಟು ಉದ್ದ. ಮನುಷ್ಯನದು 310 ಕೋಟಿ ಚಿಲ್ಲರೆ. ಪುಟಕ್ಕೆ 2,000 ಅಕ್ಷರದಂತೆ ಅಚ್ಚು ಹಾಕಿದರೆ ಬಟಾಣಿಯದು 500 ಪುಟಗಳ 4,450 ಸಂಪುಟಗಳಾಗುತ್ತವೆ. ಅಷ್ಟರಲ್ಲಿ ಒಂದು ಕಡೆ 'ಜಿ' ಇರಬೇಕಾದಲ್ಲಿ 'ಎ' ಬಿದ್ದಿದೆ. ಬಿಳಿ ಹೂವಿಗೆ ಅಷ್ಟು ಸಾಕು.

ಆ 'ಜಿ' ಇದ್ದದ್ದು ಆಯಕಟ್ಟಿನ ಜಾಗದಲ್ಲಿ. ಬೇಡದ ತುಂಡನ್ನು ಇಲ್ಲಿಂದ ಕತ್ತರಿಸು ಎಂದು ಜೀವಕೋಶಕ್ಕೆ ತೋರಿಸುವ ಗುರುತು ಅದು. ಗುರುತು ಅಳಿಸಿದ್ದರಿಂದ ಕತ್ತರಿ ತುಸು ಆಚೆ ಬೀಳುತ್ತದೆ, ಎಂಟು ಅಕ್ಷರ ಹೆಚ್ಚಾಗಿ ಉಳಿಯುತ್ತವೆ. ಜೀವಕೋಶ ಓದುವುದು ಮೂರು ಮೂರು ಅಕ್ಷರವಾಗಿ. ಒಂಬತ್ತು ಉಳಿದಿದ್ದರೆ ಓದಿನ ಸಾಲಾದರೂ ತಪ್ಪುತ್ತಿರಲಿಲ್ಲವೇನೋ. ಎಂಟಾದ್ದರಿಂದ ಮುಂದಿನದೆಲ್ಲ ಅರ್ಥಗೆಟ್ಟು, ಪ್ರೋಟೀನು ನಡುವೆಯೇ ನಿಂತುಹೋಗುತ್ತದೆ. ಅದು ಬಣ್ಣ ತಯಾರಿಸುವ ಪ್ರೋಟೀನೂ ಅಲ್ಲ, ತಯಾರಿಕೆ ಶುರುಮಾಡಿಸುವ ಸ್ವಿಚ್ಚು. ನೇರಳೆ ಬಣ್ಣ ಮಾಡುವ ಕಿಣ್ವಗಳ ಜೀನ್‌ಗಳು ಬಿಳಿ ಹೂವಿನ ಗಿಡದಲ್ಲೂ ಇವೆ, ಕೆಲಸಕ್ಕೆ ಕರೆಯುವವರಿಲ್ಲ.

ಪಠ್ಯಪುಸ್ತಕದ ಪ್ರಬಲ, ದುರ್ಬಲ ಜಗಳ ಇಷ್ಟೇ. ಗಿಡದಲ್ಲಿ ಈ ಸ್ವಿಚ್ಚಿನ ಜೀನ್‌ಗೆ ಎರಡು ಪ್ರತಿ ಇರುತ್ತವೆ. ಒಂದು ಸರಿಯಿದ್ದರೂ ಹೂ ನೇರಳೆ. ಎರಡೂ ಕೆಟ್ಟರೆ ಮಾತ್ರ ಬಿಳಿ.

ಪ್ರಬಲವಾದದ್ದೇ ಎಲ್ಲೆಡೆ ಹೆಚ್ಚಿರಬೇಕು ಎಂದು ಯಾರಾದರೂ ಅಂದುಕೊಂಡರೆ ಮಾರುಕಟ್ಟೆಗೆ ಹೋಗಿ ನೋಡಲಿ. ನೇರಳೆ ಹೂವಿನ ಬಟಾಣಿಯ ಸಿಪ್ಪೆಯಲ್ಲಿ ಟ್ಯಾನಿನ್ ಇರುವುದರಿಂದ ಅದು ಒಗರು. ಅಡುಗೆಗೆ ಬರುವ ಹಸಿ ಬಟಾಣಿ ಬಹುಪಾಲು ಬಿಳಿ ಹೂವಿನ ತಳಿಗಳದೇ. ಪಲಾವಿನ ಒಂದೊಂದು ಕಾಳಿನಲ್ಲೂ, ಅದರ ಒಂದೊಂದು ಜೀವಕೋಶದಲ್ಲೂ, ಕೆಟ್ಟ ಪ್ರತಿ ಎರಡೆರಡು.