ಓಡುವ ಮನೆಯೊಳಗೆ ಆಸನವೂ ಹಾಸಿಗೆಯೂ

ರೈಲಿನ ಟಿಕೇಟು ದೊರೆಯದ ಮೇ ತಿಂಗಳಲ್ಲಿ, ಹಳೆಯದೊಂದು ವ್ಯಾನನ್ನು ಕೊಂಡು, ಬಡಗಿಯಿಂದ ಒಳಗೆ ಹಲಗೆ ಹೊಡೆಸಿ, ಹಾಸಿಗೆ ಹಾಸಿ, ಹೆಂಡಿರು ಮಕ್ಕಳೊಡನೆ ಪನವೇಲಿನಿಂದ ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದು ಕುಂದಾಪುರ, ಉಡುಪಿಗಳತ್ತ ಹೊರಡಬೇಕೆಂಬ ಆಸೆ ಯಾರಿಗೆ ಹುಟ್ಟದು? ವಸತಿಗೃಹದ ವೆಚ್ಚವಿಲ್ಲ, ಬೇಕೆಂದಲ್ಲಿ ನಿಲ್ಲಬಹುದು, ನಿದ್ದೆ ಬಂದಾಗ ಮಲಗಬಹುದು. ಬೆಂಚುಗಳನ್ನು ಜೋಡಿಸಿ ಮಲಗುವ ವಿದ್ಯೆಯನ್ನಂತೂ ಹೋಟೆಲಿನಲ್ಲಿ ದುಡಿದ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಹೋಟೆಲಿನ ಬೆಂಚು ನಿಂತಲ್ಲೇ ನಿಂತಿರುತ್ತದೆ. ವ್ಯಾನಿನ ಬೆಂಚು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಗೃಹೋಪಯೋಗಿ ಕೆಲಸದಲ್ಲಿ ಪಳಗಿದ ಬಡಗಿಗೆ ಈ ವ್ಯತ್ಯಾಸ ಹೊಳೆಯುವುದು ಅಪರೂಪ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಅಪ್ಪಳಿಸುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಚಾಳಿನ ಮಾಳಿಗೆಯಿಂದ, ಬಿದ್ದುದಕ್ಕೆ ಸಮ. ಆ ಕ್ಷಣದಲ್ಲಿ 70 ಕಿಲೋ ತೂಕದ ಮನುಷ್ಯನನ್ನು ತಡೆದು ನಿಲ್ಲಿಸಲು ಬೆಲ್ಟು ಒಂದು ಟನ್ನಿಗೂ ಮಿಕ್ಕಿದ ಸೆಳೆತವನ್ನು ತಾಳಬೇಕಾಗುತ್ತದೆ. ಪ್ಲೈವುಡ್ಡಿನ ಪೆಟ್ಟಿಗೆಗೆ ಸ್ಕ್ರೂ ಹೊಡೆದು ಬಿಗಿದ ಬೆಲ್ಟು ಇದನ್ನು ತಾಳುವುದೇ? ಮನುಷ್ಯನೊಡನೆ ಬೆಂಚೂ ಕಿತ್ತು ಬರುವುದು. ಬೆಲ್ಟೇ ಇಲ್ಲದ ಆಸನ ಅಪಾಯಕರವೆಂದು ನೋಡಿದವರಿಗೆ ತಿಳಿಯುತ್ತದೆ. ಇಂತಹ ಬೆಲ್ಟಾದರೋ ಇಲ್ಲದ ಧೈರ್ಯವನ್ನು ಕೊಡುತ್ತದೆ.

ಆದುದರಿಂದ ಕಾರ್ಖಾನೆಯವರು ಇಟ್ಟುಕೊಟ್ಟ ಆಸನಗಳನ್ನು ಇದ್ದ ಸ್ಥಳದಲ್ಲಿಯೇ ಉಳಿಸಿಕೊಂಡು, ಮಿಕ್ಕ ಜಾಗದಲ್ಲಿ ಹಾಸಿಗೆಯನ್ನು ಹೊಂದಿಸುವುದೇ ಸರ್ವೋತ್ತಮ ಮಾರ್ಗ. ಆಸನವನ್ನು ಹೊಸದಾಗಿ ಕೂಡಿಸಲೇಬೇಕಾದಲ್ಲಿ ಅದು ಬಡಗಿಯ ಕೆಲಸವಲ್ಲ. ಬೆಲ್ಟಿನ ಹಿಡಿತವು ಮರವನ್ನಾಗಲಿ ನೆಲದ ತೆಳು ತಗಡನ್ನಾಗಲಿ ನೆಚ್ಚದೆ, ವಾಹನದ ಉಕ್ಕಿನ ಚೌಕಟ್ಟಿಗೇ ಸೇರಬೇಕು. ಇದಕ್ಕೆಂದೇ ಸಾಮಾನ್ಯವಾಗಿ ಬಳಸುವ 7/16 ಇಂಚಿನ ಗಟ್ಟಿ ಬೋಲ್ಟುಗಳಿವೆ; ಅಡಿಯಲ್ಲಿ ಬರಿಯ ವಾಷರು ಸಾಲದು, ಅಗಲವಾದ ದಪ್ಪ ಉಕ್ಕಿನ ಫಲಕವಿರಬೇಕು. ಬೆಲ್ಟಿನ ಕೆಳಪಟ್ಟಿ ಸೊಂಟದ ಎಲುಬಿನ ಮೇಲೆ ಹಾಯಬೇಕೇ ಹೊರತು ಹೊಟ್ಟೆಯ ಮೇಲಲ್ಲ. ಆಸನಗಳ ಮುಖ ರಸ್ತೆಯ ಕಡೆಗಿರಲಿ. ಎದುರುಬದುರಾಗಿ ಹರಟಲು ಅನುಕೂಲವೆಂದು ಉದ್ದಕ್ಕೆ ಹಾಕಿಸುವ ಪಕ್ಕದ ಬೆಂಚು ವಾಹನ ನಿಂತಾಗ ಬಲು ಸೊಗಸು. ಓಡುವಾಗ ಮಾತ್ರ ಬೆಲ್ಟಿದ್ದರೂ ಮೈಯನ್ನು ತಿರುಚಿಬಿಡುತ್ತದೆ.

ಹಿಂಬದಿಯಲ್ಲಿ ಕುಳಿತವರಿಗೆ ಬೆಲ್ಟೇಕೆ ಎನ್ನುವವರು ಇಂದಿಗೂ ಉಂಟು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಪಯಣಿಸುತ್ತಿದ್ದ ಬೆಲೆಬಾಳುವ ಕಾರು ಅಪಘಾತಕ್ಕೀಡಾದಾಗ, ಹಿಂದೆ ಕುಳಿತ ಇಬ್ಬರೂ ಅಸುನೀಗಿದರು. ಮುಂದಿದ್ದ ಇಬ್ಬರು ಗಾಯಗೊಂಡರೂ ಉಳಿದುಕೊಂಡರು. ಹಿಂದಿನವರು ಬೆಲ್ಟು ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು.

ಇನ್ನು ಹಾಸಿಗೆಯ ವಿಚಾರ. ಓಡುವ ವ್ಯಾನಿನಲ್ಲಿ ಯಾರೂ ಮಲಗಕೂಡದು. ಮಕ್ಕಳಂತೂ ಸರ್ವಥಾ ಕೂಡದು. ರಾತ್ರಿ ಪ್ರಯಾಣದಲ್ಲಿ ಕೂಸನ್ನು ಹಾಸಿಗೆಯ ಮೇಲೆ ಮಲಗಿಸಿ ತಾಯಿ ಕೈಯಡ್ಡ ಹಿಡಿದು ಕೂರುವುದನ್ನು ನಾವು ವಾತ್ಸಲ್ಯವೆನ್ನುತ್ತೇವೆ. ಆದರೆ ಮೇಲೆ ಹೇಳಿದ ಸೆಳೆತಕ್ಕೆ ಯಾವ ಕೈಯೂ ಅಡ್ಡವಾಗಲಾರದು. ಮಡಿಸಿಡುವ ಮಂಚಕ್ಕೆ ಗಟ್ಟಿಯಾದ ಚಿಲಕವಿರಲಿ. ಅದರಡಿಯಲ್ಲಿ ಇಡುವ ಬ್ಯಾಟರಿ, ನೀರಿನ ಡಬ್ಬಿಗಳನ್ನೂ ನೆಲಕ್ಕೆ ಬಿಗಿಯತಕ್ಕದ್ದು. 14.2 ಕಿಲೋ ಅನಿಲದ ಸಿಲಿಂಡರು ತುಂಬಿದಾಗ 30 ಕಿಲೋವಿನಷ್ಟು ತೂಗುತ್ತದೆಂಬುದನ್ನು ಹೋಟೆಲಿನವರಿಗೆ ವಿವರಿಸಬೇಕಾಗಿಲ್ಲ. ಅದನ್ನು ವ್ಯಾನಿಗೆ ಏರಿಸದಿರುವುದೇ ಒಳಿತು. ಮಂಚಕ್ಕೆ ಸಂದು ಬಿಟ್ಟ ಪಟ್ಟಿಗಳನ್ನು ಹೊಡೆಸಿದರೆ ಕೊಂಕಣದ ಮಳೆಗಾಲದಲ್ಲಿ ಹಾಸಿಗೆ ಬೂಸಲು ಹಿಡಿಯುವುದು ಕಡಿಮೆಯಾಗುತ್ತದೆ. ಯಾವ ಬಾಗಿಲಿಗೂ ಅದು ಅಡ್ಡವಾಗಬಾರದು.

ಗಾಳಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕಿದರು. ಜನರೇಟರಿನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಒಳಕ್ಕೆ ನುಗ್ಗಿದುದೇ ಕಾರಣವೆಂದು ಪರೀಕ್ಷೆಯಿಂದ ತಿಳಿದುಬಂತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂಜಿನ್, ಜನರೇಟರ್, ಒಲೆ ಇವುಗಳಲ್ಲಿ ಯಾವೊಂದು ನಡೆಯುತ್ತಿದ್ದರೂ ಬಾಗಿಲು ಮುಚ್ಚಿ ಮಲಗತಕ್ಕದ್ದಲ್ಲ.

ಖರ್ಚಿಗೆ ಕೈಹಾಕುವ ಮುನ್ನ ಕಾಯಿದೆಯನ್ನೂ ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಮೇರೆಗೆ, ತಯಾರಕರು ಕೊಟ್ಟ ಮೂಲ ವಿವರಗಳಿಗೂ ಆರ್.ಸಿ. ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾಲಿಕನು ಮಾರ್ಪಡಿಸಲಾಗದು. 2019ರ ತಿದ್ದುಪಡಿಯಂತೆ ಪ್ರತಿಯೊಂದು ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಉಂಟು. ತಿಳಿಸದೆ ಮಾಡಿದ ಬದಲಾವಣೆಯನ್ನು ಮುಂದೊಡ್ಡಿ ವಿಮಾ ಕಂಪನಿಯು ಪರಿಹಾರವನ್ನು ನಿರಾಕರಿಸಲೂಬಹುದು. ಆದಕಾರಣ ನಕ್ಷೆಯೊಂದನ್ನು ಬರೆದುಕೊಂಡು ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಉತ್ತರ ಕೈಸೇರಿದ ಬಳಿಕವೇ ಬಡಗಿಗೆ ಮುಂಗಡ ಕೊಡಿ.